ಗೇಟು ಬಿದ್ದಾಗ

ರಾಯಚೂರಿಂದ ಶಕ್ತಿನಗರ, ಮಧ್ಯಾಹ್ನದ ಟ್ರಿಪ್ಪು.
ಮುಂದಿನ ಸೀಟಿನಾಗ ಕುಂತು, ಖಾಕಿ ಅಂಗಿ ಬೆರಳಷ್ಟು ಎತ್ತಿ
ಹೊಟ್ಟಿ ತೊಗಲು ಚಿವುಟಿ ಚುಚ್ಚಿಕೊಂಡೆ.
ಆರು ಯೂನಿಟ್ಟು. ಹತ್ತರತನಕ ಎಣಿಸಿ ಸೂಜಿ ಹಿರಿದೆ.
ಬಾಜೂಕಿನ ಹುಡುಗ ಕಣ್ಣು ಕಿಸಿದು ನೋಡಿದ. ನೋಡ್ಲಿ.
ಇನ್ನ ಹದಿನೈದು ನಿಮಿಷಕ್ಕ ಸ್ಟಾಪು,
ಸ್ಟಾಪಿನ ಎದುರಿಗೇ ಸೂಗಮ್ಮನ ಖಾನಾವಳಿ,
ಹಂಚಿನ ಮ್ಯಾಲ ನನ್ನ ರೊಟ್ಟಿ.
ಲೆಕ್ಕ ಸರಿ ಇತ್ತು.

ಹತ್ತೊಂಬತ್ತು ದಿನದ ಹಿಂದ ಈ ಲೆಕ್ಕ ಇರಲಿಲ್ಲ.
ಹಸಿದ್ರ ಉಣ್ಣೋದು, ಉಂಡದ್ದು ಮರಿಯೋದು.
ಆಮ್ಯಾಲ ಬಂತು ನೀರಡಿಕಿ.
ಡಿಪೋದ ಗಡಿಗಿ ಬರಿದಾದ್ರೂ
ನಾಲಿಗಿ ಮ್ಯಾಲ ಕೃಷ್ಣಾ ಹೊಳಿ ಉಸುಕು.
ಬೆಲ್ಟಿಗೆ ಮೂರು ಹೊಸ ತೂತು ಬಿದ್ವು.
ಒಂದಿನ ಟಿಕೆಟ್ ಮಷಿನ್ ಎದಿಗೆ ಅವಚಿಕೊಂಡೇ ಬಿದ್ದೆ.

ಗ್ರೇಸಮ್ಮ ಸಿಸ್ಟರ್ ಹಾಸಿಗಿ ಅಂಚಿಗೆ ಕುಂತು ಹೇಳಿದ್ಲು:
"ಸೂಜಿ ಮುಂದ, ತುತ್ತು ಹಿಂದ. ನಡುವ ಕಾಲು ತಾಸು.
ಸಕ್ರಿ ಇಳದಿತ್ತಂದ್ರ ಮಾತ್ರ ತುತ್ತೇ ಮುಂದ."
ನನ್ನ ಭಾಷಾದಾಗ ನಾ ತಿಳಕೊಂಡೆ:
ಮಂಡಾಳ ಒಗ್ಗರಣಿ ನಾನ್‌ಸ್ಟಾಪು,
ಜ್ವಾಳದ ರೊಟ್ಟಿ ಹಳ್ಳಿ ಹಳ್ಳಿಗೆ ನಿಂತು ಬರ್ತದ,
ಔಷಧ ಮಾತ್ರ ಯಾರಿಗೂ ಕಾಯಂಗಿಲ್ಲ.

ಮನ್ಯಾಗ ಫ್ರಿಜ್ಜಿಲ್ಲ. ಕುಡಿಕಿಯೊಳಗೊಂದು ಕುಡಿಕಿ,
ನಡುವ ಹಸಿ ಉಸುಕು, ಅದರಾಗ ಔಷಧ, ಕೂಸಿನಂಗ.
ಅತ್ತಿ ಸಕ್ರಿ ಡಬ್ಬಿ ಒಯ್ದು ಅಟ್ಟಕ್ಕ ಇಟ್ಟಾಳ.
"ಇಪ್ಪತ್ತಾರಕ್ಕ ಈ ರೋಗ? ಎಷ್ಟು ಸಿಹಿ ತಿಂದಿದ್ಲೋ"
ಅಂತಾರ ಓಣ್ಯಾಗ.
ತಿಂದಿರಲಿಲ್ಲ. ಹೇಳೋದು ಬಿಟ್ಟೀನಿ.

ಯರಮರಸ್ ಹತ್ರ ಗೇಟು ಬಿತ್ತು.

ಕಲ್ಲಿದ್ದಲು ಗಾಡಿ. ಒಂದು ಡಬ್ಬಿ, ಎರಡು ಡಬ್ಬಿ,
ಇಪ್ಪತ್ತು, ಮೂವತ್ತು... ಅರ್ಧ ದಾಟಿ ನಿಂತೇ ಬಿಡ್ತು.
ಊರೂರಿಗೆ ದೀಪ ಹಚ್ಚೋ ಕರಿ ಅನ್ನ ಅದು,
ಅದಕ್ಕೂ ಸಿಗ್ನಲ್ ಬೇಕು.
ಡ್ರೈವರ್ ಖಾಸಿಂಸಾಬ್ ಎಂಜಿನ್ ಬಂದ್ ಮಾಡಿ ಬೀಡಿಗೆ ಇಳಿದ.
ಹದಿನೈದು ಆತು. ಇಪ್ಪತ್ತೈದು.
ಸವತಿಕಾಯಿ ಬುಟ್ಟಿ ಬಂತು, ಶೇಂಗಾ ಬಂತು,
ಆ ಹೊತ್ತಿಗೆ ನನ್ನ ಬೆರಳು ನಡಗಾಕ ಹತ್ತಿದ್ವು.
ತುಟಿ ಯಾರದೋ ಆಗಿತ್ತು.
ಚಿಲ್ಲರ ಎಣಿಸಿದ್ರ ಐದರ ನಾಣ್ಯ ಎರಡೆರಡು ಕಾಣ್ತಾವ.
ಚೀಲದಾಗ ಕೈ ಹಾಕಿದೆ: ಗ್ಲೂಕೋಸ್ ಪುಡಿ ಇಲ್ಲ.
ನಿನ್ನಿ ವಾಂತಿ ಮಾಡಿದ ಕೂಸಿಗೆ ಕೊಟ್ಟಿದ್ದೆ.

"ಯವ್ವಾ, ಬೆವರು ನೋಡು ಹೆಂಗ ಸುರೀತದ!"
ಬಸ್‌ಸ್ಟ್ಯಾಂಡಿನಾಗ ನಾ ಬೈದ ಮುದುಕಿ ಅದು.
ಆಧಾರ ತೋರಸ್ತನಕ ಸೊನ್ನಿ ಟಿಕೆಟ್ ಕೊಡಂಗಿಲ್ಲಂತ
ಗಂಟೆಲ್ಲಾ ಬಿಚ್ಚಿಸಿದ್ದೆ.
"ಸಕ್ರಿ," ಅಂದೆ. ಅಷ್ಟೇ ಬಂತು ಬಾಯಿಗೆ.
ಅದೇ ಗಂಟು ಮತ್ತ ಬಿಚ್ಚಿ ಹಳೇ ಪೇಪರಿನ ಪೊಟ್ಟಣ ತೆಗದ್ಲು:
"ಪೀರಲ ದೇವರಿಗೆ ಓದಿಸಿದ್ದು. ಮಮ್ಮಗಳಿಗೆ ಒಯ್ತಿದ್ದೆ.
ಬಾಯಿ ತೆಗಿ."

ಹತ್ತೊಂಬತ್ತು ದಿನ ಎಲ್ಲಾರೂ ನನ್ನಿಂದ ಮುಚ್ಚಿಟ್ಟದ್ದು
ಮುದುಕಿಯ ಬೊಗಸ್ಯಾಗ ಬೆಳ್ಳಗ.
ಊದಿನ ವಾಸನಿ ಇತ್ತು. ನಾಕೈದು ಇರಿವಿನೂ ಇದ್ವು.
ಇರಿವಿ ಸಮೇತ ಮುಕ್ಕಿದೆ.

ಆಮ್ಯಾಲ ಮತ್ತ ಹದಿನೈದು ನಿಮಿಷ ಕಾಯೋದು,
ಮತ್ತ ಬೆರಳು ಚುಚ್ಚಿ ನೋಡೋದು.
ಇದರಾಗೂ ಕಾಲು ತಾಸಿನ ಲೆಕ್ಕ, ನಗಿ ಬಂತು.
ಗಾಡಿ ಸರೀತು. ಐವತ್ತೆಂಟು ಡಬ್ಬಿ, ಎಣಿಸೀನಿ.
ನಾಣ್ಯ ಮತ್ತ ಒಂದೊಂದೇ ಆದ್ವು.

ಈಗ ಗೇಟು ದಾಟದೆ ಪೆನ್ನಿನ ಟೊಪ್ಪಿಗಿ ತೆಗಿಯಂಗಿಲ್ಲ.
ಸೂಗಮ್ಮ ದೂರಿಂದಲೇ ರೊಟ್ಟಿ ಎತ್ತಿ ತೋರಸ್ತಾಳ,
ಹಸಿರು ನಿಶಾನಿ ತೋರಿಸಿದಂಗ.
ಆಗ ಚುಚ್ಚಿಕೋತೀನಿ, ಬೆಂಚಿನ ಮ್ಯಾಲ ಕುಂತು
ಅವರಿವರ ತಾಟಿನ ಎಣ್ಣಿಗಾಯಿ ನೋಡ್ಕೋತ ಕಾಯ್ತೀನಿ.
ಟೈಮಾಫೀಸಿನ್ಯಾಗ "ಆರು ನಿಮಿಷ ಲೇಟು" ಅಂತ ಕೆಂಪು ಶಾಯಿ.
ಹೌದು, ಲೇಟು.

ಆ ಮುದುಕಿ ಇಳಿಯೋ ಮುಂದ ಹೆಸರು ಕೇಳೋದು ಮರತೆ.
ಆಧಾರದಾಗ ಓದಿದ್ದೆ ಮುಂಜಾನಿ,
ಫೋಟೋ ಹೌದೋ ಅಲ್ಲೋ ಅಂತಷ್ಟೇ.