ಹಾವುಮೀನಿನ ಕತ್ತಲು

ಹೆಪ್ಪುಗಟ್ಟಿದ ನಿನ್ನ ಮಿದುಳನ್ನು ಬೆಳಿಗ್ಗೆಯಿಂದ
ಕೂದಲಿನ ಅರ್ಧ ದಪ್ಪಕ್ಕೆ ಕೊಯ್ಯುತ್ತಿದ್ದೇನೆ, ಟೋರ್ಗ್ನಿ.
ಅಲಗಿನ ಮೇಲೆ ಪೆನ್ಸಿಲ್ ಸಿಪ್ಪೆಯಂತೆ ಸುರುಳುವ ಪದರವನ್ನು
ಕುಂಚದ ತುದಿಯಿಂದ ಬಿಡಿಸಿ ನೀರಿಗೆ ಬಿಟ್ಟರೆ
ಒಮ್ಮೆ ಮೈಮುರಿದು
ಚಪ್ಪಟೆಯಾಗುತ್ತದೆ.
ಕಿಟಕಿಯಾಚೆ ಲುಂಡ್ ಊರಿನ ಸೈಕಲ್ಲುಗಳು,
ನವೆಂಬರಿನ ಮೂರು ಗಂಟೆಗೇ ಹಚ್ಚಿದ ದೀಪ.

ಆಪರೇಷನ್ನಿನ ಹಿಂದಿನ ದಿನ ನೀನು
ಕಾಫಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು, ಅರ್ಧ ಚೆಲ್ಲಿ, ಹೇಳಿದ್ದೆ:
ಹಾವುಮೀನಿಗೆ ಕತ್ತಲು ಬೇಕು.
ಆಗಸ್ಟ್ ಕಳೆದ ಮೇಲೆ ಚಂದ್ರನಿಲ್ಲದ ರಾತ್ರಿ,
ಗಾಳಿ ಎದ್ದರೆ ಇನ್ನೂ ಒಳ್ಳೆಯದು,
ಆಗ ಹೊರಡುತ್ತವೆ ದೂರದ ಕಡಲಿಗೆ.
ಒಂದು ಲಾಂದ್ರ ಕಂಡರೂ ಸಾಕು, ತಿರುಗಿ ಕೆಸರಿಗೆ.
ನಮ್ಮ ದಂಡೆಯಲ್ಲಿ ಆ ಕತ್ತಲಿಗೊಂದು ಹೆಸರೇ ಇದೆ.

ನಿನ್ನ ಮಿದುಳಿನ ಬುಡದಲ್ಲೂ ಒಂದಿಷ್ಟು ಕಪ್ಪು ಇರಬೇಕು, ಅಂದೆ ನಾನು,
ಹುಬ್ಬು ತೀಡಿದಂಥ ಎರಡು ಗೆರೆ.
ಅದು ಬಿಳಿಚಿಕೊಳ್ಳುತ್ತಿದೆ.
ಓಹೋ, ಅಂದೆ ನೀನು,
ಹಾಗಾದರೆ ಯಾರೋ ದೀಪ ಹಚ್ಚಿದ್ದಾರೆ.

ಆಗ ನನಗೆ ಇಪ್ಪತ್ತಾರು. ಜೀವಕೋಶ ಎಣಿಸುವ ಕೆಲಸ.
ಐದು ಹೆಂಗಸರು, ಹೆಸರು ನನಗೆ ಗೊತ್ತಿಲ್ಲ, ಗೊತ್ತಾಗಬಾರದು,
ಆ ವಾರ ಅವರವರ ಕಾರಣಕ್ಕೆ ಆಸ್ಪತ್ರೆಗೆ ಬಂದವರು
ಕಾಗದಕ್ಕೆ ಸಹಿ ಹಾಕಿ ಹೋಗಿದ್ದರು.
ಸಹಿಯ ಮೇಲೆ ಕಪ್ಪು ಪಟ್ಟಿ ಅಂಟಿಸಿದ್ದರು;
ಒಬ್ಬಳ ಕೊನೆಯ ಅಕ್ಷರದ ಬಾಲ ಮಾತ್ರ ಹೊರಗೆ ಉಳಿದಿತ್ತು.
ಅಕ್ಕಿಕಾಳಿಗಿಂತ ಸಣ್ಣ ತುಣುಕುಗಳು.
ಗಾಜಿನ ಕೊಳವೆಯನ್ನು ಅಂಗೈಯಲ್ಲಿ ಹಿಡಿದು
ಮೂರು ಮಹಡಿ ಮೆಟ್ಟಿಲಲ್ಲೇ ಹತ್ತಿದೆ,
ಲಿಫ್ಟು ಅದುರುತ್ತದೆಂದು.
ಸೂಜಿ ಇಳಿಯಿತು.
ನಾಟಿ ಅಂದರೆ ಅಷ್ಟೇ, ಒತ್ತಿ ಕೈ ತೆಗೆಯುವುದು;
ಬೇರು ಬಿಡುವುದು ಅದಕ್ಕೆ ಬಿಟ್ಟದ್ದು.

ಎರಡನೆಯ ಚಳಿಗಾಲಕ್ಕೆ ನೀನು ಬಲೆ ಹೊತ್ತು ಬಂದೆ,
ಗಂಟು ಹಾಕಿ ತೋರಿಸಲು.
ಹದಿನೇಳು ಗಂಟು. ಹದಿನೆಂಟನೆಯದು ಜಾರಿತು. ಬೈದೆ.
ಹೊಗೆಯಲ್ಲಿ ಒಣಗಿಸಿದ ಮೀನನ್ನು ಪೇಪರಿನಲ್ಲಿ ಸುತ್ತಿ
ನನ್ನ ಮೇಜಿನ ಮೇಲಿಟ್ಟು ಹೋದೆ;
ವಾರವಿಡೀ ಮೈಕ್ರೋಸ್ಕೋಪಿಗೆ ಅದರದ್ದೇ ವಾಸನೆ.

ಆಮೇಲಿನದು ಇಬ್ಬರಿಗೂ ಗೊತ್ತು.

ಈಗ ಬಣ್ಣ ಹಿಡಿದಿದೆ.
ಬದುಕಿವೆ, ಟೋರ್ಗ್ನಿ. ಹದಿನೈದು ವರ್ಷದ ಮೇಲೂ
ಕಂದು ಕಂದಾಗಿ ಗುಂಪು ಕಟ್ಟಿಕೊಂಡು,
ನೆರೆಯವರ ಬೇಲಿ ದಾಟುವ ಬಟಾಣಿ ಕುಡಿಯ ಹಾಗೆ
ಎಳೆ ಚಾಚಿವೆ.
ನಾನು ಕುರ್ಚಿಯಿಂದ ಎದ್ದೇ ಬಿಟ್ಟೆ.
ಮತ್ತೆ ಕೂತು, ದೊಡ್ಡದು ಮಾಡಿ ನೋಡಿದೆ:
ಕೆಲವದರ ಹೊಟ್ಟೆಯೊಳಗೆ
ದುಂಡಗೆ, ನುಣ್ಣಗೆ ಒಂದು ಮುದ್ದೆ,
ನಿನ್ನ ಹಳೆಯ ಕೋಶಗಳಲ್ಲಿದ್ದದ್ದೇ.
ಹದಿನೈದರ ಹುಡುಗಿಗೆ ಎಪ್ಪತ್ತರ ಕಾಯಿಲೆ.
ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳೆಯೇ?
ನೀರೇ ಹೀಗಿದ್ದರೆ ಯಾರನ್ನು ಅನ್ನುವುದು?

ಮೂರು ಸಲ ಗಾಜು ಬದಲಿಸಿದೆ.
ಮುದ್ದೆ ಬದಲಾಗಲಿಲ್ಲ.

ನಿನ್ನ ಅಕ್ಕ ಗುನ್ವೋರ್ ಫೋನಿನಲ್ಲಿ ಕೇಳಿದ್ದು ಒಂದೇ:
ಬದುಕಿದ್ದವಾ?
ಬದುಕಿದ್ದವು, ಅಂದೆ.
ಅತ್ತ ತುಂಬಾ ಹೊತ್ತು ಪಾತ್ರೆ ತೊಳೆಯುವ ಸದ್ದು.
ಉಳಿದದ್ದು ಹೇಳಲು ಬಾಯಿ ತೆರೆದೆ.
ಆ ಬಲೆ ಇಲ್ಲೇ ಇದೆ, ಬೇಕಾದರೆ ಬಂದು ತೆಗೆದುಕೊ, ಅಂದಳು.

ಕಿಟಕಿಯಲ್ಲಿ ಒಬ್ಬಾಕೆ ಸೈಕಲ್ಲಿನಿಂದಿಳಿದು
ಬೀಗದ ತೂತಿಗಾಗಿ ತಡಕಾಡುತ್ತಿದ್ದಾಳೆ.
ನಲವತ್ತಿರಬಹುದು. ಆ ಐವರಲ್ಲಿ ಒಬ್ಬಳಿದ್ದರೂ ಇರಬಹುದು.
ಅವಳದೊಂದು ಚೂರು
ಹಾವುಮೀನಿನವನೊಬ್ಬನ ತಲೆಯಲ್ಲಿ ಬೇರೂರಿ,
ಹದಿನೇಳು ಗಂಟು ಹಾಕಿ,
ಮುದಿಯಾಯಿತೆಂದು
ಅವಳಿಗೆ ಹೇಳುವವರು ಯಾರು?

ದೀಪ ಆರಿಸಿದೆ. ಬಲ್ಬು ಕಾದಿತ್ತು.
ನಾಳೆ ಎಡಭಾಗ ಕೊಯ್ಯಬೇಕು.