ಅಂಕಿ ಒಂದು

ಮೊದಲು ತಪ್ಪು ತಿಳಿದೆ.
ಪಾದ್ರಿಯ ಪುಸ್ತಕದಲ್ಲಿ ಎನೊಕ್ಕಿ ಎಂಬ ಹೆಸರು ಕಂಡದ್ದೇ
ಸಿಕ್ಕಿದ ನನ್ನ ಮುತ್ತಜ್ಜ ಅಂತ ಎದ್ದುಹೋಗಿ ಕಾಫಿಗಿಟ್ಟೆ.
ವಾಪಸು ಬಂದು ನೋಡಿದರೆ ಅದೇ ಸಾಲಿನ ಕೊನೆಗೆ
ಪುಟ್ಟದೊಂದು ಶಿಲುಬೆ.
ಪಕ್ಕದಲ್ಲಿ ಸ್ವೀಡಿಷಿನಲ್ಲಿ: ನಾಯಿಕೆಮ್ಮು.
ಒಂದು ವರ್ಷ, ಏಳು ತಿಂಗಳು, ನಾಲ್ಕು ದಿನ.

ತಾಯಿ ವಾಲ್ಪುರಿಗೆ ಆ ಭಾಷೆ ಬಾರದು.
ತನ್ನ ಕೂಸು ಯಾವ ಮಾತಿನಲ್ಲಿ ಸತ್ತಿತೆಂದು
ಅವಳಿಗೆ ಓದಿ ಹೇಳಿದವರೂ ಇರಲಿಕ್ಕಿಲ್ಲ.

ಮುತ್ತಜ್ಜ ಮೂರು ಪುಟದಾಚೆ ಇದ್ದ,
ಹದಿನಾಲ್ಕು ತಿಂಗಳ ಮೇಲೆ ಹುಟ್ಟಿ.
ಅವನೂ ಎನೊಕ್ಕಿ.
ತೊಳೆದು, ಒಲೆಯ ಮೇಲಿನ ಕೋಲಿಗೆ ಒಣಹಾಕಿ
ತಮ್ಮನಿಗೆ ತೊಡಿಸಿದ ಅಂಗಿ, ಆ ಹೆಸರು.
ಎಂಬತ್ತೊಂದು ವರ್ಷ ಹಾಕಿಕೊಂಡ,
ಮೊಣಕೈ ಹರಿಯುವ ತನಕ.

‘ಬಿಡೇ’ ಅಂದಳು ಅಕ್ಕ ಲೆಂಪಿ ಫೋನಿನಲ್ಲಿ,
‘ಆ ಮಗುವಿನಿಂದ ಯಾರೂ ಹುಟ್ಟಲಿಲ್ಲ.’
ನಿಜ. ಆದರೆ ಮೂವತ್ತು ವರ್ಷ
ಕಯಾನಿಯ ಅಂಚೆಮನೆಯಲ್ಲಿ ಕಾಗದ ವಿಂಗಡಿಸಿದ ಕೈ ಇದು.
ತಲುಪಬೇಕಾದವರು ಇಲ್ಲ ಅಂತ ಎಸೆಯಲು ಬಾರದು.
ತಿರುಗಿಸಿ, ಕಳಿಸಿದವರು ಯಾರು ಅಂತ ನೋಡುತ್ತೇವೆ.

ಹೊಸ ಹಾಳೆ ತೆಗೆದೆ. ಅಡಿಯಲ್ಲಿ ಅವನು, ಅಂಕಿ ಒಂದು.
ಎರಡು, ಅಪ್ಪ ಯೂಸೊ, ಪೈನ್ ಮರ ಸುಟ್ಟು ಡಾಂಬರು ಇಳಿಸುತ್ತಿದ್ದವನು.
ಮೂರು, ವಾಲ್ಪುರಿ.
ಆರು, ಅವಳಪ್ಪ, ಊರೂರು ತಿರುಗಿ ಬೂಟು ಹೊಲಿದವನು;
ಏಳು, ನದಿಯ ಹಿಮ ತೆಳುವಾದ ವಾರ ಆಚೆದಡಕ್ಕೆ ಹೊರಟವಳು.
ಹದಿಮೂರಕ್ಕೆ ಹೆಸರೇ ಇಲ್ಲ,
‘ವಿಧವೆ, ಬಡವಿ, ಕಣ್ಣಿಲ್ಲ’ ಅಂತಷ್ಟೇ.
ಇಪ್ಪತ್ತೆರಡು, ಸಿಪಾಯಿ. ದಂಡಿನವರು ‘ಧೀರ’ ಅಂತ ಹೆಸರು ಕೊಟ್ಟಿದ್ದರು,
ಭೇದಿಯಾಗಿ ಸತ್ತ.
ನೂರ ಹದಿನೆಂಟರ ತನಕ ಹೋದೆ.
ಅದರಾಚೆ ಇಗರ್ಜಿ ಸುಟ್ಟುಹೋಗಿದೆ.

ಇವರೆಲ್ಲ ನನಗೂ ಹಿರಿಯರೇ, ಗೊತ್ತು.
ನನ್ನ ಹಾಳೆಯಲ್ಲಿ ಬೆನ್ನು ಮಾತ್ರ ಕಾಣಿಸುತ್ತಿದ್ದರು.
ಇಲ್ಲಿ ಎಲ್ಲರೂ ಕೆಳಗೆ ಬಗ್ಗಿದ್ದಾರೆ,
ಕುರುಡಿ ಕೂಡ, ಬೂಟಿನವನು ಸೂಜಿ ಬಾಯಲ್ಲೇ ಕಚ್ಚಿಕೊಂಡು,
ಇಷ್ಟು ಜನ, ಒಂದು ತೊಟ್ಟಿಲಿಗೆ.

ಕೆಮ್ಮು ನಿಂತಿತಾ ಅಂತ ಕೇಳುವವರ ಹಾಗೆ.

ಹಾಳೆಯಲ್ಲಿ ಒಂದರ ಕೆಳಗೆ
ನಾಲ್ಕು ಬೆರಳು ಜಾಗ ಉಳಿಯಿತು.
ಮಡಚುವಾಗ ಅಲ್ಲಿ ಗೆರೆ ಬೀಳದಂತೆ
ಸ್ವಲ್ಪ ಓರೆಯಾಗಿ ಮಡಚಿದೆ.