ಎಲ್ಲಿ ನೋಡಬಹುದು

ಪುಸ್ತಕ ಹೇಳುತ್ತದೆ: ನಡುಗಡಲು.
ನೆಲ ಕಾಣದಷ್ಟು ದೂರ. ಲಕ್ಷದ್ವೀಪದ ಕಡೆ
ಮರವಿಲ್ಲದ, ಮನುಷ್ಯರಿಲ್ಲದ ಒಂದು ಮರಳು ದಿಬ್ಬ;
ಅಲ್ಲಿ ಮೊಟ್ಟೆ, ಅಲ್ಲಿ ಮರಿ.
ಮಿಕ್ಕಂತೆ ಗಾಳಿಯೇ ವಿಳಾಸ.

ನಾನು ನೋಡಿದ್ದು ನಗರದಲ್ಲಿ.
ದೀಪ, ಸಿಗ್ನಲ್ಲು ಇರುವಂಥ ನಗರವಲ್ಲ,
ಹೆಸರಷ್ಟೇ ನಗರ, ಹೊಸನಗರ ತಾಲ್ಲೂಕಿನದು,
ಕೋಟೆ ಉಳಿದು ರಾಜ ಹೋದದ್ದು.
ಅದರ ಪಶು ಆಸ್ಪತ್ರೆಯಲ್ಲಿ, ಬೆಳಿಗ್ಗೆ ಒಂಬತ್ತೂಕಾಲಿಗೆ,
ಬಿಸ್ಕತ್ತಿನ ರಟ್ಟಿನ ಪೆಟ್ಟಿಗೆಯೊಳಗೆ.

ತಂದವನು ಚಕ್ರಾ ಅಣೆಕಟ್ಟಿನ ವಾಚ್‌ಮನ್ ತೀರ್ಥಪ್ಪ.
ಮೂರು ದಿನದ ಬಿರುಗಾಳಿ ನಿಂತ ಮೇಲೆ
ಕಟ್ಟೆಯ ಮೇಲೆ ಮುರಿದ ಕೊಡೆಯ ಹಾಗೆ ಬಿದ್ದಿತ್ತಂತೆ.
"ಕಾಗೆ ಅಂದ್ಕಂಡೆ. ಮಗುಚಿದ್ರೆ ಹೊಟ್ಟೆ ಬಿಳಿ.
ಕಾಗೆಗೆ ಯಾರು ಸುಣ್ಣ ಹೊಡೀತಾರೆ?"

ಬೆನ್ನು ಬಾಣಲೆಯ ತಳ. ಹಣೆಗೆ
ಈಗಷ್ಟೇ ಬಳಿದುಕೊಂಡಂಥ ವಿಭೂತಿ.
ಬಾಲ ಕತ್ತರಿ. ಕಾಲು ಮಾತ್ರ ಅಯ್ಯೋ ಅನ್ನುವಷ್ಟು ಗಿಡ್ಡ,
ನಡೆಯಲಿಕ್ಕೆಂದು ಕೊಟ್ಟದ್ದೇ ಅಲ್ಲ.
ಡಾಕ್ಟ್ರಮ್ಮ ಶಾಹಿದಾ ಕನ್ನಡಕ ಒರೆಸಿ ಪುಟ ತಿರುವಿದರು:
ಮಸಿ ಬೆನ್ನಿನ ಕಡಲ ರೀವ.
ಹೊಳೆ ರೀವ ನಮಗೆ ಗೊತ್ತು, ಭದ್ರೆಯ ನಡುಗಡ್ಡೆಯಲ್ಲಿ
ಕಲ್ಲಿನ ಮೇಲೆ ಮೊಟ್ಟೆಯಿಟ್ಟು ಊರಿಗೆಲ್ಲ ಸಾರುವುದು.
ಅದರ ದಾಯಾದಿ ಇದು.

ಹೆಸರು ಸಿಕ್ಕಿತು. ಆಮೇಲೇನು ಮಾಡಬೇಕೆಂದು
ಆ ಪುಟದಲ್ಲಿರಲಿಲ್ಲ.

ರಿಜಿಸ್ಟರ್ ಬರೆಯುವವನು ನಾನು.
ತಳಿ: ಇತರೆ. ದೂರು: ಹಾರುತ್ತಿಲ್ಲ.
ಮಾಲೀಕರ ಹೆಸರು, ಗ್ರಾಮ—
ಅಲ್ಲಿಗೆ ಪೆನ್ನು ನಿಂತಿತು.

ಹನ್ನೊಂದಕ್ಕೆ ಮೀನಿನ ಗಾಡಿಯ ಹಾರನ್ನು.
ರಾಮನಾಥ ಖಾರ್ವಿ, ಗಂಗೊಳ್ಳಿಯವರು,
ಇಪ್ಪತ್ತೆರಡು ವರ್ಷ ಬೋಟಿನಲ್ಲಿದ್ದು ಸೊಂಟ ಹೋದ ಮೇಲೆ
ಘಾಟಿ ಹತ್ತಲು ಶುರು ಮಾಡಿದವರು.
ಪೆಟ್ಟಿಗೆಗೆ ಇಣುಕಿ ತಕ್ಕಡಿ ಕೆಳಗಿಟ್ಟರು.
"ಹ್ವಾಯ್, ಇದ್ ಇಲ್ಲಿಗ್ ಹ್ಯಾಂಗೆ ಬಂತ್?
ಇದ್ ನೀರ್ ಮೇಲೂ ಕೂಕಂತಿಲ್ಲೆ ಮಾರಾಯ್ರೆ.
ಹುಟ್ಟಿದ್ ಮೇಲೆ ಮೂರ್ನಾಲ್ಕ್ ವರ್ಷ ಬರೀ ಹಾರೂದೇ,
ನಿದ್ರಿಯೂ ಅಲ್ಲೇ, ಮೇಲೇ."
ಆಮೇಲೆ ದನಿ ತಗ್ಗಿಸಿ, ಸಾಲ ಒಪ್ಪಿಕೊಳ್ಳುವಂತೆ:
"ಇದ್ ಗುಂಪ್ ಕಟ್ಟಿದಲ್ಲಿ ಅಡಿಗ್ ಕೇದರ ಇರತ್ತ್.
ನಾವ್ ಇದ್ರ ಹಿಂದೇ ಹೋಯಿ ಬಲಿ ಬಿಡೂದ್."

ಬೈಗೆಯೊಂದನ್ನು ಸೀಳಿ ಕೊಟ್ಟರು. ತಿನ್ನಲಿಲ್ಲ.
ಇನ್ನೊಂದು. ಅದೂ ಬೇಡ.
ಮೂರನೆಯದಕ್ಕೆ ಕೊಕ್ಕು ತೆರೆದು, ಮೊದಲು ಕೂಗಿತು.
ಕೆಚ್ಚಲು ಬಾತ ಎಮ್ಮೆ, ಲಸಿಕೆಗೆ ಬಂದ ನಾಯಿ,
ನಾಯಿಯ ಯಜಮಾನ, ಎಲ್ಲರೂ ಒಟ್ಟಿಗೇ ತಿರುಗಿದರು.
ಆ ಸದ್ದಿಗೆ ನಮ್ಮ ಕೋಣೆ ತೀರಾ ಚಿಕ್ಕದು.
ಆಮೇಲೆ ನುಂಗಿತು.

ಫಾರೆಸ್ಟಿನವರು ಫೋನಿನಲ್ಲಿ ಎರಡು ಸಲ
"ಎಂಥ ಹಕ್ಕಿ ಅಂದ್ರಿ?" ಅಂದು, ನೀವೇ ನೋಡಿಕೊಳ್ಳಿ ಅಂದರು.
ಎರಡು ಗಂಟೆಗೆ, ಮೀನು ಖಾಲಿಯಾದ ಥರ್ಮಾಕೋಲ್ ಡಬ್ಬಿಯಲ್ಲಿ
ಐಸಿನ ನೀರು ಒರೆಸಿ, ನನ್ನ ಟವೆಲು ಹಾಸಿ,
ಮುಚ್ಚಳಕ್ಕೆ ಪೆನ್ನಿನಿಂದ ತೂತು ಕೊರೆದು
ಹುಲಿಕಲ್ ಘಾಟಿ ಇಳಿಸಿದರು.

ಮುಂದಿನ ವಾರ ಗಾಡಿ ಬರಲಿಲ್ಲ.
ಅದರಾಚೆ ವಾರ ಬಂದವನು ಅಳಿಯ.
ಘಾಟಿಯಲ್ಲಿ ಚಂಡಿಕಾಂಬೆಯ ಮುಂದೆ ಮಾವ
ಎರಡು ನಾಣ್ಯ ಹಾಕಿದರಂತೆ,
ತಮ್ಮದೊಂದು, ಅದರದ್ದೊಂದು.
ಕತ್ತಲಾಗುವವರೆಗೆ ಅಳಿವೆಯ ಕಲ್ಲಿನ ತುದಿಯಲ್ಲಿ ಕೂತಿದ್ದರಂತೆ.
"ಹಾರಿತಾ?"
"ಮಾವ ಎಂತದೂ ಹೇಳೂದಿಲ್ಲೆ. ಈ ಟವೆಲ್ ಕೊಡುಕ್ ಹೇಳಿರ್."
ತೊಳೆದಿರಲಿಲ್ಲ. ಒಂದು ಕಡೆ ಸುಣ್ಣದಂಥ ಹಿಕ್ಕೆ,
ಉಳಿದ ಕಡೆಯೆಲ್ಲ ಉಪ್ಪು.

ನೋಡಬೇಕೆನ್ನುವವರು ನಗರಕ್ಕೆ ಬನ್ನಿ, ಭಾನುವಾರ ರಜ.
ಪುಟ ಅರವತ್ತೊಂದು;
ಮೇಲಿನ ಸಾಲಲ್ಲಿ ಎಮ್ಮೆ, ಕೆಳಗಿನದರಲ್ಲಿ ನಾಯಿ.
ಆಡಿಟ್‌ನವರು ಗ್ರಾಮದ ಕಾಲಮ್ಮಿಗೆ ಕೆಂಪು ಸುತ್ತು ಹಾಕಿದ್ದಾರೆ.
ಒಳಗೆ ಏನೂ ಬರೆದಿಲ್ಲ,
ಪೆನ್ನು ಊರಿದ ಒಂದು ಚುಕ್ಕೆ ಇದೆ.